ಗಿರಿಜಿಯ ಹೊಟ್ಟೆಯಲ್ಲಿ ಅನ್ನ ನಿಂತದ್ದು

ಉಣ್ಣುವುದು ಒಂದು ವಿದ್ಯೆ, ಉಂಡದ್ದನ್ನು ಒಳಗೆ ಉಳಿಸಿಕೊಳ್ಳುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ನನ್ನನ್ನು ಮೀರಿಸುವವರು ಗೋವಾದ ಈ ಇಡೀ ಝುವಾರಿನಗರದಲ್ಲಿ ಯಾರೂ ಇಲ್ಲ ಎಂದು ನಾನು ಬಹಳ ಕಾಲ ಬೀಗುತ್ತಿದ್ದೆ. ಕಂಪನಿಯ ಬಸ್ಸು ನಮ್ಮ ಓಣಿಯ ಬಾಯಿಗೆ ಬಂದು ಹಾರ್ನ್ ಹೊಡೆಯುವುದರೊಳಗೆ ಎರಡು ರೊಟ್ಟಿ, ಒಂದು ಸೌಟು ಪಲ್ಯ, ಒಂದು ಲೋಟ ಚಹಾ ಒಳಗೆ ಹೋಗಿ, ನಾನು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಳ್ಳುತ್ತ ಬಸ್ಸಿನ ಮೆಟ್ಟಿಲ ಮೇಲೆ ನಿಂತಿರುತ್ತೇನೆ. ಅವಸರವಿದ್ದ ದಿನ ಮಾತ್ರ ಹೀಗೆ ಎಂದುಕೊಳ್ಳಬೇಡಿ. ರವಿವಾರ ಬಸ್ಸೂ ಇಲ್ಲ, ಹಾರ್ನೂ ಇಲ್ಲ, ಆದರೂ ವೇಗ ಅದೇ. ನನ್ನ ಹೆಂಡತಿ ಕಸ್ತೂರಿ ಎರಡನೆಯ ರೊಟ್ಟಿಯನ್ನು ಹಂಚಿನಿಂದ ಎತ್ತುವಷ್ಟರಲ್ಲಿ ಮೊದಲನೆಯದು ಮಾಯವಾಗಿರುತ್ತದೆ. "ನಿಮಗ ಉಣಸೋದಂದ್ರ ಗ್ವಾಡಿಗಿ ಸಿಮೆಂಟ್ ಒಗದಂಗರಿ" ಎಂದು ಆಕೆ ಹೇಳುವುದುಂಟು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ. ಉಂಡ ಮೇಲೆ ಎದೆಯುರಿ ಬರುತ್ತದೆ, ಅದಕ್ಕಾಗಿ ಅಂಗಿಯ ಕಿಸೆಯಲ್ಲಿ ಸದಾ ಮಾತ್ರೆ ಇರುತ್ತದೆ. ಸ್ಟೋರ್ ಕೀಪರ್ ಕೆಲಸ ಮಾಡುವವನಿಗೆ ಕಿಸೆಯಲ್ಲಿ ಒಂದು ಪೆನ್ನು, ಒಂದು ಮಾತ್ರೆ ಇದ್ದರೇ ಲಕ್ಷಣ ಎಂದು ಸಮಾಧಾನ ಮಾಡಿಕೊಂಡಿದ್ದೆ.

ನನ್ನ ಈ ಗರ್ವವನ್ನು ಮುರಿದದ್ದು ಒಂದು ಬೆಕ್ಕು.

ಅದನ್ನು ಮನೆಗೆ ತಂದವಳು ನಮ್ಮ ಅವ್ವ. ಒಂದು ದಿನ ಸಂಜೆ ಕಾಯಿಪಲ್ಲೆ ತರಲು ಮಾರ್ಕೆಟ್ಟಿಗೆ ಹೋದವಳು, ಚೀಲ ಎದೆಗವಚಿಕೊಂಡು ಬಂದಳು. ಚೀಲದೊಳಗೆ ಕೊತ್ತಂಬರಿಯ ಮೇಲೆ ಒಂದು ಬೂದು ಬಣ್ಣದ ಮರಿ. ಮೀನಿನ ಕಟ್ಟೆಯ ಹಿಂದೆ, ಕಸಕ್ಕಾಗಿ ನಾಯಿಗಳು ಕಾದಾಡುವ ಜಾಗದಲ್ಲಿ ಸಿಕ್ಕಿತಂತೆ. "ಇದೇನವ್ವಾ?" ಎಂದೆ. "ಬೆಕ್ಕು. ಕಣ್ಣ ಕಾಣಂಗಿಲ್ಲೇನ?" ಎಂದಳು. ಅಲ್ಲಿಗೆ ಚರ್ಚೆ ಮುಗಿಯಿತು. ಗಿರಿಜಿ ಎಂದು ಹೆಸರೂ ಆಯಿತು. ಅವ್ವ ಬಟ್ಟಲಲ್ಲಿ ಹಾಲು ಹಾಕಿ ಜೋಳದ ರೊಟ್ಟಿ ಮುರಿದಿಟ್ಟಳು. ಆಗಷ್ಟೇ ಕೆಲಸದಿಂದ ಬಂದಿದ್ದ ನಾನು ಬಗ್ಗಿ ಬೂಟಿನ ಲೇಸು ಬಿಚ್ಚಿ ತಲೆ ಎತ್ತಿದರೆ ಬಟ್ಟಲು ತೊಳೆದಿಟ್ಟಂತೆ ಖಾಲಿ! ಅಬ್ಬಾ ಎಂದೆ. ಮನಸ್ಸಿನೊಳಗೇ ಆ ಮರಿಗೆ ಕೈ ಮುಗಿದೆ. ಗುರುವಿಗೆ ತಕ್ಕ ಶಿಷ್ಯೆ ಸಿಕ್ಕಳು ಎಂದು ಹಿಗ್ಗುತ್ತಿರುವಾಗಲೇ ಶಿಷ್ಯೆ ಕತ್ತು ಚಾಚಿ, ಹೊಟ್ಟೆ ಕುಣಿಸಿ, ತಿಂದದ್ದಷ್ಟನ್ನೂ ನಾನು ಈಗಷ್ಟೇ ಬಿಚ್ಚಿಟ್ಟ ಬೂಟಿನೊಳಗೆ ಸುರಿದಳು.

ಅಂದಿನಿಂದ ಇದೇ ಆಯಿತು. ಹಾಕಿದ ಊಟ ಕ್ಷಣದಲ್ಲಿ ಒಳಗೆ, ಸ್ವಲ್ಪ ಹೊತ್ತಿಗೆ ಹೊರಗೆ. ನಮ್ಮ ಕಂಪನಿಯಲ್ಲಿ ಬೆಂಕಿ ಬಿದ್ದರೆ ಯಾರು ಎತ್ತ ಓಡಬೇಕು ಎಂದು ಆಗಾಗ ಕವಾಯತು ಮಾಡಿಸುತ್ತಾರೆ. ಮನೆಯಲ್ಲೂ ಹಾಗೇ ಆಯಿತು. ಗಿರಿಜಿಯ ಗಂಟಲಿನಿಂದ "ಗುಳುಕ್, ಗುಳುಕ್" ಎಂಬ ಸಪ್ಪಳ ಬಂತೆಂದರೆ ಕಸ್ತೂರಿ ಹಳೆಯ ಪೇಪರು ಹಿಡಿದು ಓಡಬೇಕು, ನಾನು ಇಸ್ತ್ರಿ ಮಾಡಿದ ಅಂಗಿ ಎತ್ತಿಕೊಳ್ಳಬೇಕು, ಅವ್ವ "ಶಿವನ, ಶಿವನ" ಎನ್ನಬೇಕು. ಕಸ್ತೂರಿ ಪೇಪರನ್ನು ಸರಿಯಾಗಿ ಬಾಯಿಯ ಕೆಳಗೇ ಹಾಸುತ್ತಾಳೆ. ಗಿರಿಜಿ ಒಂದೇ ಒಂದು ಗೇಣು ಹಿಂದಕ್ಕೆ ಸರಿದು ಹೊಸ ಚಾದರದ ಮೇಲೆ ಮುಗಿಸುತ್ತಾಳೆ. ಆಮೇಲಿನದು ನೋಡಬೇಕು. ನನಗೆ ಒಮ್ಮೆ ವಾಂತಿಯಾದರೆ ಇಡೀ ದಿನ ಹಾಸಿಗೆ ಹಿಡಿದು, ನೆಂಟರಿಗೆಲ್ಲ ಫೋನು ಮಾಡಿ, ನರಳಿ ಮನೆಯವರ ಪ್ರಾಣ ತಿನ್ನುತ್ತೇನೆ. ಗಿರಿಜಿ ಹಾಗಲ್ಲ. ತಾನು ಕಕ್ಕಿದ್ದನ್ನು ಒಮ್ಮೆ, ಯಾರೋ ಬಿಟ್ಟುಹೋದ ಸಾಮಾನು ನೋಡುವಂತೆ ನೋಡುತ್ತಾಳೆ. ಮುಖ ತಿರುಗಿಸುತ್ತಾಳೆ. ನೆಟ್ಟಗೆ ಬಟ್ಟಲ ಹತ್ತಿರ ಹೋಗಿ ಕೂತು "ಮಿಯಾಂವ್" ಎನ್ನುತ್ತಾಳೆ. ನಾಚಿಕೆಯಿಲ್ಲ, ದುಃಖವಿಲ್ಲ, ಅನ್ನದ ಮೇಲೆ ಸಿಟ್ಟಿಲ್ಲ. ಇಷ್ಟು ಸಲ ತನಗೆ ಕೈಕೊಟ್ಟ ಊಟವನ್ನು ಮತ್ತೆ ಅಷ್ಟೇ ನಂಬಿಕೆಯಿಂದ ಕೇಳುವ ಆ ಜೀವದ ಮುಂದೆ ನಾನು ಅಂಗಿ ಹಿಡಿದು ಬೆರಗಾಗಿ ನಿಂತುಬಿಡುತ್ತಿದ್ದೆ.

ಆದರೆ ನಂಬಿಕೆಯಿಂದ ಹೊಟ್ಟೆ ತುಂಬುತ್ತದೆಯೇ? ಗಿರಿಜಿ ಬೆಳೆಯಲಿಲ್ಲ. ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಒಂದೊಂದೇ ಬೆರಳಿಗೆ ಸಿಗುತ್ತಿತ್ತು. ಅವ್ವ ಮೊದಲು ಉಪ್ಪು, ಒಣ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿ ದೃಷ್ಟಿ ತೆಗೆದಳು. ಘಾಟಿಗೆ ಗಿರಿಜಿ ಸೀನಿ, ಕೆಮ್ಮಿ, ಮತ್ತೆ ಕಕ್ಕಿದಳು. ಕೂದಲು ಹೊಟ್ಟೆಗೆ ಹೋಗುತ್ತಿರಬೇಕು ಎಂದು ಕಸ್ತೂರಿ ತನ್ನ ಹಳೆಯ ಬಾಚಣಿಗೆಯಿಂದ ದಿನಾ ಬಾಚತೊಡಗಿದಳು. ಮಗ್ಗುಲ ಮನೆಯ ಪ್ರೇಮಾಬಾಯಿ ಇಲ್ಲಿಯದೇ ಕಾಣಕೋಣದ ಕಡೆಯ ಕೊಂಕಣಿಯವಳು. ಓಣಿಯಲ್ಲಿದ್ದು ಇದ್ದು ಆಕೆಗೆ ನಮ್ಮ ಕನ್ನಡವೂ ಅಷ್ಟಿಷ್ಟು ಬರುತ್ತದೆ. ಬಟ್ಟಲಲ್ಲಿ ಜೋಳದ ರೊಟ್ಟಿ ಕಂಡು ಆಕೆ ಹಣೆ ಬಡಿದುಕೊಂಡಳು. "ಅಗೇ ಆಯಿ! ಬೆಕ್ಕಿಗೆ ರೊಟ್ಟಿ ಕೊಡ್ತಾರಾ? ಹಾಲು ನಕ್ಕೋ. ನುಸ್ತೆಂ ಕೊಡಾ, ನುಸ್ತೆಂ!"

ನುಸ್ತೆಂ ಎಂದರೆ ಮೀನು. ಅವ್ವ ಕೊರಳಲ್ಲಿ ಲಿಂಗ ಕಟ್ಟಿದವಳು. ಗೋವಾಕ್ಕೆ ಬಂದು ನಾನು ಹುಟ್ಟಿ, ಮೀಸೆ ಬಂದು, ಅದು ಬೆಳ್ಳಗಾಗುತ್ತ ಬಂದರೂ ನಮ್ಮ ಅಡುಗೆಮನೆಗೆ ಒಂದು ತತ್ತಿ ಕೂಡ ಕಾಲಿಟ್ಟಿಲ್ಲ. ಮರುದಿನ ನಾನು ಕೆಲಸ ಮುಗಿಸಿ ಬಂದಾಗ ಹಿತ್ತಲ ಮೆಟ್ಟಿಲ ಮೇಲೆ ಕಂಡದ್ದನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಮೂರು ಇಟ್ಟಿಗೆಯ ಬೇರೆ ಒಲೆ, ಅದರ ಮೇಲೆ ಬೇರೆ ಗಡಿಗೆ, ಗಡಿಗೆಯಲ್ಲಿ ಪ್ರೇಮಾಬಾಯಿ ತಂದುಕೊಟ್ಟ ತಾರ್ಲೆ ಮೀನು. ಅವ್ವ ಸೆರಗಿನಿಂದ ಮೂಗು ಬಿಗಿದು ಕಟ್ಟಿಕೊಂಡು, ಮುಖ ಆಚೆ ತಿರುಗಿಸಿ, ಕೈಯೊಂದನ್ನೇ ಈಚೆ ಚಾಚಿ ಕಡ್ಡಿಯಿಂದ ತಿರುವುತ್ತಿದ್ದಾಳೆ. ಕಣ್ಣಲ್ಲಿ ಹೊಗೆಯ ನೀರೋ, ವಾಸನೆಯ ನೀರೋ, ತಿಳಿಯಲಿಲ್ಲ. ಬೆಂದ ಮೀನಿನ ಮುಳ್ಳು ತೆಗೆದು, ಅನ್ನದಲ್ಲಿ ಕಲಸಿ ಬಟ್ಟಲು ಇಟ್ಟಳು. ಗಿರಿಜಿ ಹುಚ್ಚೆದ್ದು ತಿಂದಳು. ನಾವು ಮೂವರೂ ಉಸಿರು ಹಿಡಿದು ಕಾದೆವು.

"ಗುಳುಕ್, ಗುಳುಕ್."

ಅವ್ವ ಮೆಟ್ಟಿಲ ಮೇಲೆ ಕುಸಿದಳು. "ನೇಮಾ ಬಿಟ್ಟ ಬೇಸಿದ್ನೆಲ್ಲವಾ, ಇನ್ನೇನ ಮಾಡ್ಲಿ ಹೇಳ" ಎಂದು ಬೆಕ್ಕನ್ನೇ ಕೇಳಿದಳು. ಅಂದು ಊಟಕ್ಕೆ ಕೂತವಳು ಅರ್ಧ ರೊಟ್ಟಿ ಪಕ್ಕಕ್ಕಿಟ್ಟಳು. ಕಸ್ತೂರಿ "ಅತ್ತಿ, ಉಣ್ಣರಿ" ಎಂದರೆ, "ಆಕಿ ಹೊಟ್ಟ್ಯಾಗ ಒಂದ ಅಗಳು ನಿಲ್ಲೂ ತನಕ ನನಗ ಗಂಟಲದಾಗ ಇಳಿಯಂಗಿಲ್ಲ" ಎಂದಳು. ಮಾತಿಗೆ ಹೇಳುತ್ತಾಳೆ ಎಂದುಕೊಂಡೆ. ಮರುದಿನವೂ ಅರ್ಧ ರೊಟ್ಟಿ, ಅದರ ಮರುದಿನವೂ ಅರ್ಧ ರೊಟ್ಟಿ. ಬೆಕ್ಕು ಒಂದು ಕಡೆ ಬಡಕಲಾಗುತ್ತಿದೆ, ಅವ್ವ ಒಂದು ಕಡೆ. ನಗುತ್ತಿದ್ದ ನನಗೆ ಖರೇ ಹೇಳುತ್ತೇನೆ, ಹೆದರಿಕೆ ಹತ್ತಿತು. ಬೆಕ್ಕು ಸತ್ತರೆ ಅವ್ವ ಏನಾದಾಳು ಎಂಬ ಯೋಚನೆಯಲ್ಲಿ ಕೆಲಸದಲ್ಲಿ ಬೋಲ್ಟ್ ಕೇಳಿದವರಿಗೆ ವಾಷರ್ ಕೊಟ್ಟು ಬೈಸಿಕೊಂಡೆ.

ಕೊನೆಗೆ ರಜೆ ಹಾಕಿ, ಗಿರಿಜಿಯನ್ನು ಅದೇ ಕಾಯಿಪಲ್ಲೆಯ ಚೀಲದಲ್ಲಿ ಹಾಕಿಕೊಂಡು ಅವ್ವನ ಜೊತೆ ವಾಸ್ಕೋಕ್ಕೆ, ಅವ್ವನ ಮಾತಿನಲ್ಲಿ ಹೇಳುವುದಾದರೆ "ದನದ ಡಾಕ್ಟ್ರ" ಹತ್ತಿರ ಹೋದೆ. ಡಾಕ್ಟರು ಬಾಯಿ ತೆರೆಸಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದು ನೋಡಿದರು. ತಮ್ಮ ಎದುರಿಗೇ ಒಂದಿಷ್ಟು ತಿನ್ನಿಸಿ ನೋಡಿದರು. ಆಮೇಲೆ ಹಿಂದಿಯಲ್ಲಿ ಹೇಳಿದರು: ಇದಕ್ಕೆ ರೋಗ ಏನೂ ಇಲ್ಲ. ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ ನುಂಗುತ್ತಿದೆ. ಅಗಿಯುವುದೇ ಇಲ್ಲ, ಹೊಟ್ಟೆ ತಡೆಯದೆ ಹೊರಗೆ ಹಾಕುತ್ತಿದೆ. ಸ್ವಲ್ಪ ಸ್ವಲ್ಪ ಹಾಕಿ. ಬಟ್ಟಲ ನಡುವೆ ಒಂದು ದೊಡ್ಡ ಗುಂಡನೆಯ ಕಲ್ಲಿಡಿ. ಅದರ ಸುತ್ತ ಹುಡುಕಿ ಹುಡುಕಿ ತಿನ್ನುವಾಗ ತಾನೇ ನಿಧಾನ ಆಗುತ್ತದೆ.

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದ್ದೇ ತಡ, ಅವ್ವ ಎದ್ದು ನಿಂತಳು. "ಉಣ್ಣೂ ಬಟ್ಟಲದಾಗ ಕಲ್ಲ ಇಡೂದಾ? ವೈರಿಗೂ ಹಂಗ ಮಾಡಬಾರದು. ಏಳ, ಹೋಗೂಣು!" ಡಾಕ್ಟರು ಆಕೆ ಏನು ಹೇಳಿದಳು ಎಂದು ಕೇಳಿದರು. ಥ್ಯಾಂಕ್ಸ್ ಹೇಳುತ್ತಿದ್ದಾಳೆ ಎಂದೆ.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕಟ್ಟುತ್ತಿರುವ ಯಾವುದೋ ದೊಡ್ಡ ಕಟ್ಟಡದ ಮುಂದೆ ಬಸ್ಸು ನಿಂತಿತು. ನೆರಳಿನಲ್ಲಿ ನಮ್ಮ ಕಡೆಯ ಹೆಂಗಸರು ಬುತ್ತಿ ಬಿಚ್ಚಿ ಅವಸರವಾಗಿ ಉಣ್ಣುತ್ತಿದ್ದರು. ಅವ್ವ ಅವರನ್ನೇ ನೋಡುತ್ತಿದ್ದು, ಬಸ್ಸು ಹೊರಟ ಮೇಲೆ ಮಾತಾಡಿದಳು.

"ಬಸ್ಯಾ, ಡಾಕ್ಟ್ರ ಹೇಳಿದ್ದ ಖರೇ ಐತಿ. ನಾಯಿ ನಡುವ ಬೆಳದದ್ದು, ಮತ್ತ ಹೆಂಗ ತಿಂದೀತು? ಕಟ್ಟಡದ ಕೆಲಸದಾಗ ನಾವೂ ಹಂಗ ತಿಂತಿದ್ವಿ. ಸ್ಲ್ಯಾಬ್ ಹಾಕೂ ದಿವಸ ಮಿಕ್ಸರ್ ನಿಲ್ಲತಿರಲಿಲ್ಲ. ಮುಕಾದಮ್ ಸೀಟಿ ಊದಿದಾ ಅಂದ್ರ ಕೈಯಾಗಿನ ತುತ್ತ ಬಿಟ್ಟ ಬುಟ್ಟಿ ಹೊರಬೇಕಾಗತಿತ್ತು. ನಿನಗ ಸೀರಿ ಜೋಳಿಗ್ಯಾಗ ಮಲಗಿಸಿರತಿದ್ನಿ. ಸೀಟಿ ಆಗೂದ್ರಾಗ ನಿನ್ನ ಹೊಟ್ಟಿ ತುಂಬಲಿ ಅಂತ ಬಾಯಾಗ ತುರಕಿ ತುರಕಿ ಉಣಸತಿದ್ನಿ. ನುಂಗ, ನುಂಗ ಅಂತಿದ್ನಿ. ನೀ ಅಳಕೋತ ನುಂಗತಿದ್ದಿ."

ನನ್ನ ದೊಡ್ಡ ಪ್ರತಾಪ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ ವಿದ್ಯೆಯನ್ನು ನನಗೆ ಕಲಿಸಿದವಳು ಪಕ್ಕದಲ್ಲೇ ಕೂತು, ಚೀಲದೊಳಗೆ ಕೈ ಹಾಕಿ ಬೆಕ್ಕಿನ ತಲೆ ಸವರುತ್ತಿದ್ದಳು. ತಾನು ನುಂಗಿ ಬದುಕಿ, ನನ್ನನ್ನೂ ಬದುಕಿಸಿದವಳನ್ನು ಇಷ್ಟು ವರ್ಷ ದಿನಾ ನೋಡಿಯೂ ನಾನು ನೋಡಿರಲೇ ಇಲ್ಲ ಎನಿಸಿತು.

ಕಲ್ಲು ತರುವ ಕೆಲಸ ನನ್ನ ಪಾಲಿಗೆ ಬಂತು. ಸಮುದ್ರದ ದಂಡೆಗೆ ಹೋದೆ. ಪ್ರವಾಸಿಗರೆಲ್ಲ ಚಿಪ್ಪು ಆರಿಸುತ್ತಿದ್ದರೆ ನಾನು ಬಗ್ಗಿ ಬಗ್ಗಿ ಕಲ್ಲು ಎತ್ತಿ ತೂಗುತ್ತಿದ್ದೆ. ಮಣಿಸರ ಮಾರುತ್ತಿದ್ದ ಗದಗಿನ ಕಡೆಯ ಹೆಂಗಸೊಬ್ಬಳು ಬಹಳ ಹೊತ್ತು ನೋಡಿ, "ಏನ್ ಕಳಕೊಂಡೀರಿ ಅಣ್ಣಾರ?" ಎಂದಳು. "ಬೆಕ್ಕಿನ ಬಟ್ಟಲದಾಗ ಇಡಾಕ ಕಲ್ಲ ಹುಡಕಾಕತ್ತೇನ್ರಿ" ಎಂದೆ. ಆಕೆ ಎರಡು ಹೆಜ್ಜೆ ಹಿಂದೆ ಸರಿದು, "ಬಿಸಲ ಭಾಳ ಐತಿ, ನೆರಳಿಗಿ ಕುಂಡರ್ರಿ" ಎಂದಳು. ನಾನು ಆರಿಸಿ ತಂದ ಮೊದಲ ಕಲ್ಲು ಕರ್ರಗೆ, ನುಣ್ಣಗೆ, ಬಹಳ ಚೆನ್ನಾಗಿತ್ತು. ಅವ್ವ ಅದನ್ನು ನೋಡಿ ಕಣ್ಣಿಗೊತ್ತಿಕೊಂಡು, ತೊಳೆದು, ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟುಬಿಟ್ಟಳು. ಬೆಕ್ಕಿಗೆ ಬೇರೆ ಕಲ್ಲು ತರಲು ಮತ್ತೆ ಹೋಗಬೇಕಾಯಿತು. ಈ ಸಲ ಒಂದು ಸೊಟ್ಟ ಕಲ್ಲು, ಅದಕ್ಕೆ ಜೋಡಿಯಾಗಿ ಇನ್ನೊಂದು ಸೊಟ್ಟ ಕಲ್ಲು ತಂದೆ.

ಹಿತ್ತಲ ಒಲೆಯ ಮೇಲೆ ಮತ್ತೆ ತಾರ್ಲೆ ಬೆಂದಿತು. ಬಟ್ಟಲ ನಡುವೆ ಕಲ್ಲು ಕೂತಿತು. ಗಿರಿಜಿ ಎಂದಿನಂತೆ ಹಾರಿ ಬಂದು ಬಾಯಿ ಹಾಕಿದರೆ ಮೂಗಿಗೆ ಕಲ್ಲು ಬಡಿಯಿತು. ಒಮ್ಮೆ ಅವ್ವನ ಕಡೆ, ಒಮ್ಮೆ ನನ್ನ ಕಡೆ ನೋಡಿದಳು; ತಂದವನು ಯಾರೆಂದು ಗೊತ್ತಾದವಳಂತೆ ನನ್ನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಕಲ್ಲಿನ ಒಂದು ಬದಿಯಿಂದ ಒಂದಿಷ್ಟು, ಸುತ್ತಿ ಬಂದು ಇನ್ನೊಂದು ಬದಿಯಿಂದ ಒಂದಿಷ್ಟು, ಸಂದಿಯಲ್ಲಿ ಪಂಜ ಹಾಕಿ ಎಳೆದು ಒಂದಿಷ್ಟು. ಅವ್ವ ಪಕ್ಕದಲ್ಲಿ ಕೂತು, ಮೂಗಿನ ಸೆರಗು ಬಿಚ್ಚಿ ಮೆಲ್ಲಗೆ ಹೇಳುತ್ತಿದ್ದಳು: "ಸಾವಕಾಶ ತಿನ್ನವಾ. ಯಾರೂ ಕಸ್ಗೊಳ್ಳಂಗಿಲ್ಲ." ಊಟ ಮುಗಿಯಿತು. ಕಸ್ತೂರಿ ಪೇಪರು ಹಿಡಿದು ಸಿದ್ಧಳಾದಳು. ಗಿರಿಜಿ ಮುಂಗಾಲು ನೆಕ್ಕಿದಳು, ಮುಖ ಒರೆಸಿಕೊಂಡಳು, ಅವ್ವನ ತೊಡೆಯ ಮೇಲೆ ಸುರುಳಿಯಾಗಿ ಮಲಗಿದಳು. ನಾವು ಕಾದೆವು. ಗುಳುಕ್ ಇಲ್ಲ, ಏನಿಲ್ಲ. ಒಂದು ಬೆಕ್ಕಿನ ಹೊಟ್ಟೆ ಸುಮ್ಮನೆ ಏರಿ ಇಳಿಯುವುದನ್ನು ನೋಡುತ್ತ ಮೂರು ಜನ ದೊಡ್ಡವರು ದೇವರ ಮುಂದೆ ಕೂತಂತೆ ಕೂತಿದ್ದೆವು. ಆ ದಿನ ಅವ್ವ ಇಡೀ ರೊಟ್ಟಿ ಉಂಡು, ಇನ್ನೊಂದು ಕೇಳಿದಳು.

ಇಲ್ಲಿಗೆ ಮುಗಿಯಬೇಕಿತ್ತು. ಗಿರಿಜಿ ದುಂಡಗಾದಳು, ನನ್ನ ಬೂಟು ಒಣಗಿತು. ಆದರೆ ಕಳೆದ ರವಿವಾರ ಊಟಕ್ಕೆ ಕೂತೆ. ಅವ್ವ ತಾನೇ ತಾಟು ತಂದು ಮುಂದಿಟ್ಟಳು. ತಾಟಿನ ನಟ್ಟನಡುವೆ ಆ ಇನ್ನೊಂದು ಸೊಟ್ಟ ಕಲ್ಲು, ಚೆನ್ನಾಗಿ ತೊಳೆದದ್ದು. ಅದರ ಸುತ್ತ ಅನ್ನ, ಅನ್ನದ ಮೇಲೆ ಬದನೆಕಾಯಿಯ ಪಲ್ಯ. ಅನ್ನದಲ್ಲಿ ಹರಳು ಸಿಕ್ಕಿತೆಂದು ಎಷ್ಟೋ ಸಲ ಕಸ್ತೂರಿಯ ಮೇಲೆ ಹಾರಾಡಿದವನು ನಾನು; ಈಗ ಮುಷ್ಟಿಗಾತ್ರದ್ದು ಎದುರಿಗೇ ಕೂತಿದೆ. "ಅವ್ವಾ, ನಾ ಏನ ಬೆಕ್ಕೇನ?" ಎಂದೆ. ಅವ್ವ ನಗಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟಳು. "ಸಾವಕಾಶ ಉಣ್ಣಪಾ. ಈಗ ಯಾರೂ ಸೀಟಿ ಊದಂಗಿಲ್ಲ."

ಉಂಡೆ. ಬೇರೆ ದಾರಿ ಇರಲಿಲ್ಲ. ಈ ಕಡೆಯಿಂದ ಒಂದು ತುತ್ತು, ಆ ಕಡೆಯಿಂದ ಒಂದು ತುತ್ತು. ತನ್ನ ಊಟ ಮುಗಿಸಿದ್ದ ಗಿರಿಜಿ ಎದುರಿಗೆ ಕೂತು, ಹೊಸದಾಗಿ ಕೆಲಸಕ್ಕೆ ಸೇರಿದವನನ್ನು ಹಳಬರು ನೋಡುವಂತೆ ನನ್ನನ್ನು ನೋಡುತ್ತಿದ್ದಳು. ಅರ್ಧ ಊಟ ಆಗಿರಬೇಕು, ನಾಲಗೆಗೆ ಏನೋ ಹೊಸ ರುಚಿ ಹತ್ತಿತು. ಬಹಳ ಹಿತವಾಗಿತ್ತು.

"ಕಸ್ತೂರಿ, ಇವತ್ತ ಪಲ್ಲೇಕ ಗುರೆಳ್ಳ ಪುಡಿ ಹಾಕೀದೇನ? ಭಾಳ ಚಲೋ ಆಗೇತಿ ನೋಡ" ಎಂದೆ.

ಕಸ್ತೂರಿ ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ನನ್ನ ಕಡೆ ತಿರುಗಿದಳು.

"ಲಗ್ನ ಆದಾಗಿಂದ ಹಾಕಾಕತ್ತೇನ್ರಿ" ಎಂದಳು.