ಗುಬ್ಬಚ್ಚಿ ಬೈಯುವ ಡ್ಯೂಟಿ

ನಮ್ಮ ಸೋದರಮಾವ ಕೆಜಿಎಫ್‌ಗೇ ದೊಡ್ಡ ಜಗಳಗಂಟರು. ಆದರೆ ಅವರಿಂದ ಬೈಸಿಕೊಂಡ ಮನುಷ್ಯ ಊರಲ್ಲಿ ಒಬ್ಬನೂ ಇಲ್ಲ! ಅವರು ಬೈಯುವುದೇನಿದ್ದರೂ ಹಕ್ಕಿಗಳನ್ನು. ಅದಕ್ಕಾಗಿ ಬೆಳಿಗ್ಗೆ ಎದ್ದು ತಮ್ಮದೇ ಖರ್ಚಿನಲ್ಲಿ ಬಸ್ಸು ಹತ್ತುತ್ತಾರೆ. ಫ್ಯಾಕ್ಟರಿಯಲ್ಲಿದ್ದಾಗ ಇವರು ಡ್ಯೂಟಿಗೆ ಇಷ್ಟು ನಿಯತ್ತಾಗಿ ಬಂದವರಲ್ಲ ಎಂದು ಹಳೆಯ ಜೊತೆಗಾರರು ಆಣೆ ಮಾಡಿ ಹೇಳುತ್ತಾರೆ.

ಇದೆಲ್ಲ ಶುರುವಾದದ್ದು ಬಂಗಾರಪೇಟೆ ಸಂತೆಯಲ್ಲಿ. ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಅನ್ನ ಕಡಿಮೆ ಮಾಡಿ ನವಣೆ ತಿನ್ನಿ ಎಂದರು. ಮಾವ ಹುಡುಕಾಡಿ ನವಣೆ ಮಾರುವ ಒಬ್ಬ ರೈತನನ್ನು ಹಿಡಿದರೆ ಅವನು ತಣ್ಣಗೆ, "ಮುಂದಿನ್ ವರ್ಸದಿಂದ ನಾನೂ ಬಿಟ್ಬುಡ್ತೀನಿ ಸಾಮಿ. ಸುತ್ತಾ ಎಲ್ರೂ ಟೊಮ್ಯಾಟೋ ಆಕವ್ರೆ, ನವಣೆ ನಂದೊಂದೇ. ತಾಲೂಕಲ್ಲಿರೋ ಗುಬ್ಬಚ್ಚಿಗೆಲ್ಲಾ ನನ್ ಒಲದಲ್ಲೇ ಊಟ!" ಅಂದ.

"ಬಿಡಬ್ಯಾಡ ಕಣ್ಲಾ! ಕಾಯಾಕೆ ನಾನ್ ಬತ್ತೀನಿ" ಎಂದರು ಮಾವ. ರೈತರಿಗೆ ಬೆಂಬಲ ಕೊಡಬೇಕೆಂದರೆ ನೀವು ನಾವಾದರೆ ಒಂದು ಕಿಲೋ ಹೆಚ್ಚಿಗೆ ಕೊಳ್ಳುತ್ತೇವೆ. ಇವರು ತಮ್ಮನ್ನೇ ಕೊಟ್ಟುಬಿಟ್ಟರು!

ತೆನೆ ಹಾಲುಗಟ್ಟಿದಾಗಿನಿಂದ ಕೊಯ್ಲು ಮುಗಿಯುವವರೆಗೆ ಈ ಡ್ಯೂಟಿ. ತಲೆಗೆ ಫ್ಯಾಕ್ಟರಿಯ ಹಳದಿ ಹೆಲ್ಮೆಟ್ಟು, ಕೈಯಲ್ಲಿ ಟಿಫಿನ್ ಕ್ಯಾರಿಯರ್. ಹೊಲದ ನಡುವೆ ಕಟ್ಟಿದ ಅಟ್ಟಣೆ ಹತ್ತಿ ಖಾಲಿ ಎಣ್ಣೆ ಡಬ್ಬ ಬಡಿಯುತ್ತಾರೆ.

"ಹೆಲ್ಮೆಟ್ ಯಾಕೆ ಮಾವ?" ಎಂದು ಕೇಳಿದ್ದೆ.

"ಶತ್ರು ಮೇಲಿಂದ ಅಲ್ವೇನ್ಲಾ ಬರೋದು?"

ಇದಕ್ಕೇನು ಹೇಳುತ್ತೀರಿ?

ಬೈಯುವುದರಲ್ಲೂ ಅವರದು ಒಂದು ಶಿಸ್ತು. ಆಂಧ್ರದ ಗಡಿ ಕಡೆಯಿಂದ ಹಾರಿ ಬಂದ ಹಕ್ಕಿಗೆ ತೆಲುಗಿನಲ್ಲಿ, ತಮಿಳರೇ ಹೆಚ್ಚಿರುವ ರಾಬರ್ಟ್‌ಸನ್‌ಪೇಟೆ ದಿಕ್ಕಿನಿಂದ ಬಂದದ್ದಕ್ಕೆ ತಮಿಳಿನಲ್ಲಿ, ಮಿಕ್ಕವಕ್ಕೆ ಕನ್ನಡದಲ್ಲಿ. ಒಂದು ಗಿಣಿ ಮಾತ್ರ ಮೂರು ಭಾಷೆಗೂ ಜಗ್ಗಲಿಲ್ಲವಂತೆ. "ಅದು ಬೆಂಗಳೂರಿಂದೇ ಇರ್ಬೇಕು. ನಾಳೆ ನಾಕು ಇಂಗ್ಲಿಷ್ ಬೈಗುಳ ಕಲ್ತ್ಕೊಂಡ್ ಬತ್ತೀನಿ" ಎಂದು ರೈತನಿಗೆ ಧೈರ್ಯ ಹೇಳಿದರು.

ಪಕ್ಕದ ಹೊಲದವನೂ ನವಣೆ ಬಿತ್ತಿದರೆ ಹಕ್ಕಿಗಳು ಹಂಚಿಹೋಗುತ್ತವೆ ಎಂಬುದು ಮಾವನ ಲೆಕ್ಕಾಚಾರ. ಹೋಗಿ ಅವನಿಗೆ ಗಂಟೆಗಟ್ಟಲೆ ಭಾಷಣ ಮಾಡಿದರು. ಅವನು ಪೂರ್ತಿ ಕೇಳಿ, "ನನ್ ಟೊಮ್ಯಾಟೋ ತಂಟೆಗೆ ಒಂದ್ ಗುಬ್ಬಚ್ಚೀನೂ ಬರಾಕಿಲ್ಲ. ಇಲ್ದಿರೋ ನೆಂಟ್ರನ್ನ ನಾನ್ಯಾಕ್ ಸಾಮಿ ಕರೀಲಿ?" ಅಂದ. ಮಾವ ಪೆಚ್ಚಾಗಿ ಅಟ್ಟಣೆಗೆ ವಾಪಸಾದರು. ಆ ದಿನ ಹಕ್ಕಿಗಳಿಗೆ ಬಿದ್ದ ಬೈಗುಳದಲ್ಲಿ ಅರ್ಧ ಅವನ ಪಾಲಿನದು.

ಕೊಯ್ಲು ಮುಗಿದರೆ ಮಾತ್ರ ಮಾವ ಮಂಕಾಗುತ್ತಾರೆ. ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಉರಿಗಾಂನಲ್ಲಿ ಅವರ ಸಾಲಿನ ಮುಕ್ಕಾಲು ಮನೆಗಳಿಗೆ ಬೀಗ. ಅವರ ಮನೆಗೆ ಯಾವಾಗ ಹೋದರೂ ಒಳಗೆ ಟಿವಿ ಜೋರಾಗಿ ಕೂಗುತ್ತಿರುತ್ತದೆ, ಮಾವ ಅದಕ್ಕೆ ಬೆನ್ನು ಹಾಕಿ ಕೂತಿರುತ್ತಾರೆ. ಕೇಳಿದರೆ, "ಮನೇಲಿ ಒಂದ್ ಸದ್ದಿರ್ಲಿ ಅಂತ ಆಕಿದೀನಿ ಕಣ್ಲಾ" ಅನ್ನುತ್ತಾರೆ.

ಈ ಸಲ ಜ್ವರವಿದ್ದರೂ ಹೊಲಕ್ಕೆ ಹೋಗಿದ್ದಾರೆಂದು ತಿಳಿದು ನನಗೆ ಸಿಟ್ಟು ಬಂತು. ಚೆನ್ನಾಗಿ ಬೈದು ಕರೆದುಕೊಂಡು ಬರೋಣವೆಂದು ಹೊರಟೆ. ಬದುವಿನ ಮೇಲೆ ನಡೆಯುತ್ತಿರುವಾಗಲೇ ಅವರ ದನಿ ಕೇಳಿಸಿತು. ಬೈಗುಳವಲ್ಲ.

"ರಾತ್ರಿ ಸಾರಿಗೆ ಉಪ್ಪು ಜಾಸ್ತಿ ಆಗೋಯ್ತು ಕಣ್ರೇ. ಅವ್ಳಿದ್ದಿದ್ರೆ ಸರ್ಯಾಗ್ ಬೈಯೋಳು. ಚೆಲ್ಲಾಕೆ ಮನ್ಸಾಗ್ಲಿಲ್ಲ, ಅಂಗೇ ತಿಂದೆ."

ಕರೆಂಟ್ ತಂತಿಯ ಮೇಲೆ ಗುಬ್ಬಚ್ಚಿಗಳು ಸಾಲಾಗಿ ಕೂತಿದ್ದವು. ನಾನು ಸದ್ದಾಗದಂತೆ ಪಂಪ್‌ಸೆಟ್ ಮನೆಯ ಕಡೆ ತಿರುಗಿದೆ.

ಅದರ ನೆರಳಲ್ಲಿ ಆ ರೈತ ಕೂತಿದ್ದ. ಅವನ ಹಿಂದೆ, ಒಡೆಯದ ಪ್ಲಾಸ್ಟಿಕ್ ಕವರಿನಲ್ಲಿ, ಹಕ್ಕಿ ತಡೆಯಲು ಬೆಳೆಯ ಮೇಲೆ ಹೊದಿಸುವ ಬಲೆ.

"ಬಲೆ ತಂದಿದೀಯಲ್ಲಪ್ಪ, ಕಟ್ಟಿಲ್ವಾ?"

ಅವನು ಅಟ್ಟಣೆಯ ಕಡೆ ನೋಡಿ ದನಿ ತಗ್ಗಿಸಿದ. "ಓದ್ ವರ್ಸಾನೇ ತಂದೆ ಅಣ್ಣ. ಕಟ್ಬುಟ್ರೆ ಯಜಮಾನ್ರಿಗೆ ಇಲ್ಲೇನ್ ಕೆಲ್ಸ? ಈ ನವಣೇನೂ ಅವ್ರಿಗೋಸ್ಕರಾನೇ ಬಿತ್ತಿರೋದು. ಇಲ್ದಿದ್ರೆ ಎಲ್ಗೋಯ್ತಾರೆ, ಪಾಪ?"

ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಅಟ್ಟಣೆ ಹತ್ತಿದೆ. ಮಾವ ಗಾಬರಿಯಾಗಿ ಡಬ್ಬ ಎರಡು ಸಲ ಬಡಿದರು. ಆಮೇಲೆ ಸರಿದು ಜಾಗ ಮಾಡಿಕೊಟ್ಟು, "ಊಟ ಮಾಡ್ದೇನ್ಲಾ?" ಅಂದರು.

"ಇಲ್ಲ ಮಾವ."

ಟಿಫಿನ್ ಕ್ಯಾರಿಯರ್ ಬಿಚ್ಚಿದರು. ಬಿಚ್ಚುತ್ತಾ ಅತ್ತೆಯ ಮಾತು ತೆಗೆದರು. ಮದುವೆಯಾದ ಹೊಸದರಲ್ಲಿ ಆಕೆ ಉಪ್ಪೇ ಇಲ್ಲದ ಸಾರು ಮಾಡಿದ್ದು, ಇವರು ಬಾಯ್ತುಂಬಾ ಹೊಗಳಿ ತಿಂದದ್ದು, ಆಮೇಲೆ ಆಕೆ ತಾನೇ ತಿಂದು ನೋಡಿ ಅಡುಗೆಮನೆ ಬಾಗಿಲು ಹಾಕಿಕೊಂಡು ಅತ್ತದ್ದು. ಅಷ್ಟರಲ್ಲಿ ತಂತಿಯ ಮೇಲಿನ ಹಿಂಡು ಇಡಿಯಾಗಿ ನವಣೆಯ ಮೇಲಿಳಿಯಿತು. ಮಾವನ ಕಣ್ಣಿಗೆ ಬೀಳಲಿಲ್ಲ. ನಾನು ಡಬ್ಬಕ್ಕೆ ಕೈ ಹಾಕಿದೆ. ಕೆಳಗಿನಿಂದ ರೈತ ಬೇಡ, ಬೇಡ ಎಂದು ಕೈ ಆಡಿಸಿದ.

ಗುಬ್ಬಚ್ಚಿಗಳು ಹೊಟ್ಟೆ ತುಂಬಾ ತಿಂದವು. ಮಾವ ಮಾತಾಡುತ್ತಲೇ ಇದ್ದರು.