ಹರ್ನಿಯಾಕ್ಕೊಂದು ಕಾಗದ

ಪುತ್ತೂರಿನ ಖಾಸಗಿ ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ನಿಗೆ ಅರುವತ್ತು ಸಾವಿರ, ಎ.ಸಿ. ರೂಮಿಗೆ ದಿನಕ್ಕೆ ಎರಡೂವರೆ ಸಾವಿರ. ಸುಳ್ಯದ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿಗೆ ಹತ್ತು ರೂಪಾಯಿ. ಅಜ್ಜಾವರದ ಅಚ್ಚುತನಿಗೆ ಬೇಕಾಗಿದ್ದದ್ದು ಪುತ್ತೂರಿನ ಆಸ್ಪತ್ರೆ, ಸುಳ್ಯದ ರೇಟು.

ಅದಕ್ಕೂ ದಾರಿ ಇತ್ತು. "ಇದು ನಮ್ಮಲ್ಲಿ ಆಗುವುದಿಲ್ಲ" ಎಂದು ಸರ್ಕಾರಿ ಡಾಕ್ಟರು ಒಂದು ಕಾಗದ ಬರೆದುಕೊಟ್ಟರೆ, ಆರೋಗ್ಯ ಕಾರ್ಡಿನಲ್ಲಿ ಖಾಸಗಿಯಲ್ಲೂ ಆಪರೇಷನ್ ಪುಕ್ಕಟೆ. ರೂಮಿನ ಬಾಡಿಗೆಯನ್ನು ಕೈಯಿಂದ ಹಾಕಲು ಹೆಂಡತಿ ದಮಯಂತಿ ಒಪ್ಪಿದ್ದಳು.

"ಸರ್ಕಾರಿ ವಾರ್ಡಲ್ಲಿ ಮಲಗಿದ್ರೆ ನೋಡ್ಲಿಕ್ಕೆ ಬಂದವರು ಎಲ್ಲಿ ಕೂರುದು? ನನ್ನ ಅಣ್ಣ ಪುತ್ತೂರಲ್ಲಿ ಮಲಗಿದ್ದಾಗ ರೂಮಲ್ಲಿ ಸೋಫಾ ಇತ್ತು" ಎಂಬುದು ಅವಳ ಚಿಂತೆ.

ಸುಳ್ಯದ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ಇದು ಇಲ್ಲೇ ಆಗ್ತದೆ. ಗುರುವಾರ ಮಾಡುವ" ಎಂದರು.

ಮದುವೆಮನೆಯ ಕೊನೆಯ ಪಂಕ್ತಿಯಲ್ಲೂ ಜಾಗ ಸಿಗದವನ ಹಾಗೆ ಮುಖ ಮಾಡಿಕೊಂಡು ಅಚ್ಚುತ ಹೊರಗೆ ಬಂದ. ಬೆಂಚಿನಲ್ಲಿ ನೆರೆಮನೆಯ ಶ್ಯಾಮ ಬಿ.ಪಿ. ಮಾತ್ರೆಗೆ ಕಾಯುತ್ತಿದ್ದ.

"ಎಂತ ಹೇಳಿದ್ರು?"

"ಇಲ್ಲೇ ಮಾಡ್ತಾರಂತೆ."

"ಬರೀ ಹರ್ನಿಯಾ ಅಂತ ಯಾಕೆ ಹೇಳಿದ್ದು ಮಾರಾಯ? ಎದೆನೋವು ಸೇರಿಸು. ಹೃದಯ ಅಂದ್ರೆ ಇಲ್ಲಿ ಇಟ್ಟುಕೊಳ್ಳುದಿಲ್ಲ, ಕಾಗದ ಕೂಡ್ಲೆ ಸಿಗ್ತದೆ."

ಅಚ್ಚುತ ಎದೆ ಹಿಡಿದುಕೊಂಡು ಪುನಃ ಒಳಗೆ ಹೊರಟ. ಬೆಂಚಿನಲ್ಲಿ ಕಾಯುತ್ತಿದ್ದ ನೆಬೀಸ ಎಂಬ ಹೆಂಗಸು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕಡೆಗೆ ಸರಿಸಿ, "ಅಣ್ಣ, ಹೃದಯ ಇರುದು ಎಡಗಡೆ" ಎಂದರು. ಅವನು ಕೈ ಬದಲಿಸಿದ.

"ಸ್ವಲ್ಪ ಬಗ್ಗಿ ನಡಿ" ಎಂದ ಶ್ಯಾಮ. "ಇಷ್ಟು ಬೇಡ. ಬಾವಿ ಇಣುಕಿದ ಹಾಗೆ ಉಂಟು."

ಡಾಕ್ಟರಮ್ಮ ಹೆಚ್ಚು ಕೇಳದೆ ಅವನನ್ನು ಮಲಗಿಸಿ, ಎದೆಗೆ ವಯರು ಅಂಟಿಸಿ ಇ.ಸಿ.ಜಿ. ತೆಗೆದರು. ಪಟ್ಟಿ ನೋಡುತ್ತಲೇ ನರ್ಸನ್ನು ಕರೆದು ಆಂಬುಲೆನ್ಸಿಗೆ ಹೇಳಿದರು.

ಅಚ್ಚುತನಿಗೆ ಹೆದರಿಕೆಯಾಯಿತು. "ಡಾಕ್ಟ್ರೆ, ತಪ್ಪಾಯ್ತು. ನನಗೆ ಎದೆನೋವು ಇಲ್ಲ. ಕಾಗದಕ್ಕೋಸ್ಕರ ಸುಳ್ಳು ಹೇಳಿದ್ದು."

"ನೀವು ಹೇಳಿರಬಹುದು. ಈ ಮೆಷಿನು ಹೇಳುದಿಲ್ಲ" ಎಂದು ಅವರು ಕಾಗದ ಬರೆದರು. ಕಾಗದ ಸಿಕ್ಕಿತು, ಆದರೆ ಅದು ಮಂಗಳೂರಿನ ಸರ್ಕಾರಿ ಆಸ್ಪತ್ರೆಗೆ.

ಸಂಜೆಯೊಳಗೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿ ಆಗಿತ್ತು. ಖರ್ಚೆಲ್ಲ ಕಾರ್ಡಿನದ್ದು. "ಇನ್ನೊಂದು ವಾರ ಬಿಟ್ಟಿದ್ರೆ ಕಷ್ಟ ಇತ್ತು" ಎಂದರು ಅಲ್ಲಿನ ಡಾಕ್ಟರು. ದಮಯಂತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಚ್ಚುತ ಮಲಗಿದಲ್ಲಿಂದಲೇ ಅವರಿಗೆ ಕೈಮುಗಿದ, ಸುಳ್ಯದ ಡಾಕ್ಟರಮ್ಮನನ್ನು ನೆನೆದು ಇನ್ನೊಮ್ಮೆ ಮುಗಿದ, ಶ್ಯಾಮನಿಗೆ ಫೋನು ಮಾಡಿ ಅತ್ತ.

ಆಮೇಲೆ ಕೇಳಿದ, "ಡಾಕ್ಟ್ರೆ, ಹರ್ನಿಯಾ? ಸುಳ್ಯದಲ್ಲೇ ಮಾಡಿಸ್ತೇನೆ. ಗುರುವಾರವೇ ಆಗ್ಲಿ."

"ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದೇವೆ. ಒಂದು ವರ್ಷ ಅದನ್ನು ನಿಲ್ಲಿಸ್ಲಿಕ್ಕಿಲ್ಲ. ಅಷ್ಟರವರೆಗೆ ಅದಕ್ಕೆ ಸುಳ್ಯದಲ್ಲೂ ಕತ್ತಿ ಹಾಕುದಿಲ್ಲ, ಪುತ್ತೂರಿನಲ್ಲೂ ಇಲ್ಲ."

ಜೀವ ಉಳಿಯಿತು. ಹರ್ನಿಯಾವೂ ಉಳಿಯಿತು.