ನೆರೆಮನೆಯ ಗೋಡೆ ದಾಟಬೇಕಾದ ಗಾಜಿನ ತಂತಿ

ದಿನಾಂಕ: 11 ನವೆಂಬರ್ 2025, ಮಂಗಳವಾರ

ಇಂದ:
ಕುಮಾರಿ ಎನಿಡ್ ಸಗ್ಡನ್, ವಯಸ್ಸು 78,
ನಿವೃತ್ತ ಭೂಗೋಳ ಶಿಕ್ಷಕಿ,
14, ಟೆಂಟರ್ ಸಾಲು, ಥಾರ್ನ್‌ಬೆಕ್, ಯಾರ್ಕ್‌ಶೈರ್.

ಗೆ:
ಶ್ರೀ ಕ್ಲೈವ್ ಹಾಲ್ರಾಯ್ಡ್ ಅವರು,
16, ಟೆಂಟರ್ ಸಾಲು
(ಅಂದರೆ ನನ್ನ ಅಡುಗೆಮನೆ ಗೋಡೆಯ ಆಚೆ ಬದಿ).

ವಿಷಯ: ಫೈಬರ್ ಇಂಟರ್‌ನೆಟ್ ತಂತಿಯನ್ನು ತಮ್ಮ ಆಸ್ತಿಯ ಮೇಲೆ, ಕೆಳಗೆ ಅಥವಾ ಪಕ್ಕದಲ್ಲಿ ಹಾಯಿಸಲು ಅನುಮತಿ ಕೋರಿ, ಹಾಗೂ ಇದರ ಜೊತೆಗಿರುವ ಪೊಟ್ಟಣವನ್ನು ಅರ್ಜಿಯನ್ನು ಪೂರ್ತಿ ಓದಿದ ನಂತರವೇ ಬಿಚ್ಚುವ ಬಗ್ಗೆ.

ಉಲ್ಲೇಖ:
1. 1954ರ ಬೇಸಿಗೆಯ ಟಾರಿನ ವಾಸನೆ.
2. ಹಳೆಯ ತಾಮ್ರದ ಟೆಲಿಫೋನ್ ತಂತಿಯನ್ನು ಸದ್ಯದಲ್ಲೇ ನಿಲ್ಲಿಸುವುದಾಗಿ ನನಗೆ ಬಂದಿರುವ ಪತ್ರ.
3. ಮೊನ್ನೆ ಭಾನುವಾರ ಯುದ್ಧಸ್ಮಾರಕದ ಮುಂದೆ ತಾವು ಪಾದ್ರಿಗಳಿಗೆ ಹೇಳಿದ ಮಾತು.

ಮಾನ್ಯರೇ,

ಒಂದನೆಯ ಉಲ್ಲೇಖದ ಬಗ್ಗೆ: ನಾನು ಇದೇ ಮನೆಯಲ್ಲಿ ಹುಟ್ಟಿದವಳು. ಏಳು ವರ್ಷದವಳಿದ್ದಾಗ, ಈಗ ತಮ್ಮದಾಗಿರುವ ಹಿತ್ತಲಿನಲ್ಲಿ ಹೊಸ ಟೆಲಿಫೋನ್ ಕಂಬ ನೆಟ್ಟರು. ಬಿಸಿಲೇರಿದ ಹಾಗೆ ಅದರ ಮೈಯಿಂದ ಟಾರು ಜಿನುಗುತ್ತಿತ್ತು. ಹೊಗೆ, ಹಸಿ ಮರ, ಕಾದ ರಸ್ತೆ ಮೂರೂ ಸೇರಿದಂಥ ವಾಸನೆ. ಕಂಬವನ್ನು ತಬ್ಬಿ ಕಿವಿಯಿಟ್ಟರೆ ಊರಿನವರ ಮಾತೆಲ್ಲ ಕೇಳಿಸುತ್ತದೆಂದು ನಾನು ನಂಬಿದ್ದೆ. ಕೇಳಿಸಿದ್ದು ಬರೀ ಗುಂಯ್ ಎಂಬ ಸದ್ದು. ಬಿಳಿ ಫ್ರಾಕಿನ ಮೇಲೆ ಮಾತ್ರ ಕೊರಳಿನಿಂದ ಮಂಡಿಯವರೆಗೆ ಕಪ್ಪು ಪಟ್ಟೆ ಉಳಿಯಿತು. "ಯಾರ ಮನೆ ಮಾತು ಕದಿಯೋಕೆ ಹೋಗಿದ್ದೆ?" ಎಂದು ಅಮ್ಮ ಬೆನ್ನಿಗೆ ಒಂದು ಕೊಟ್ಟಳು. ಎಪ್ಪತ್ತೊಂದು ವರ್ಷಗಳ ನಂತರವೂ ಸದರಿ ಕಂಬದ ದೆಸೆಯಿಂದಲೇ ನಾನು ಸಂಕಟದಲ್ಲಿದ್ದೇನೆ ಎಂಬುದನ್ನು ತಮ್ಮ ಅವಗಾಹನೆಗೆ ತರುತ್ತಾ, ಕೆಳಕಂಡ ಅಂಶಗಳನ್ನು ನಿವೇದಿಸಿಕೊಳ್ಳುತ್ತೇನೆ.

1. ಎರಡನೆಯ ಉಲ್ಲೇಖದ ಪತ್ರದ ಪ್ರಕಾರ ತಾಮ್ರದ ತಂತಿ ಹೋಗಿ, ಕೂದಲಿನಷ್ಟು ಸಣ್ಣ ಗಾಜಿನ ತಂತಿ ಬರಬೇಕಾಗಿದೆ. ಇನ್ನು ಮುಂದೆ ಟೆಲಿಫೋನೂ ಅದರಲ್ಲೇ. ಕೈಫೋನ್ ಸಾಲದೇ ಎಂದು ಕೇಳುವವರಿದ್ದಾರೆ. ನಮ್ಮ ಹಿಂದಿನ ಗುಡ್ಡದ ಕಾರಣ ಕೈಫೋನ್ ಈ ಮನೆಯಲ್ಲಿ ಕೆಲಸ ಮಾಡುವುದು ಒಂದೇ ಜಾಗದಲ್ಲಿ: ಸ್ನಾನದ ತೊಟ್ಟಿಯ ಅಂಚಿನ ಮೇಲೆ ನಿಂತು, ತಲೆಯನ್ನು ಕಿಟಕಿಯ ಹೊರಗೆ ಹಾಕಿದಾಗ. ಕೃತಕ ಸೊಂಟದ ಕೀಲು ಇರುವವಳಿಗೆ ಇದು ದೀರ್ಘ ಸಂಭಾಷಣೆಗೆ ತಕ್ಕ ಭಂಗಿಯಲ್ಲ.

2. ಕಾರಣ, ಕಂಪನಿಯೊಂದನ್ನು ಆರಿಸಿಕೊಳ್ಳುವ ಅಗತ್ಯ ಬಿತ್ತು. ಒಂದೇ ವಾರದಲ್ಲಿ ಮೂರು ಕಂಪನಿಯವರು ಬಾಗಿಲು ಬಡಿದರು. ಮೂವರ ಕಾಗದಕ್ಕೂ ನಾನು ಸಹಿ ಹಾಕಿದೆ. ಇದಕ್ಕೆ ನನ್ನ ಸಮಜಾಯಿಷಿ ಹೀಗಿದೆ:

ಮೊದಲು ಬಂದವಳು ಹಳದಿ ಕೋಟಿನ ಕಂಪನಿಯ ಹುಡುಗಿ. ಬೂಟಿನೊಳಗೆ ನೀರು ಹೋಗಿ ಹೆಜ್ಜೆಗೊಮ್ಮೆ ಚಪ್ ಎನ್ನುತ್ತಿತ್ತು. "ಇವತ್ತು ಹದಿನೇಳು ಬಾಗಿಲು ಆಯ್ತು ತಾಯಿ, ಒಳಗೆ ಬಾ ಅಂದೋರು ನೀವೊಬ್ರೇ" ಎಂದಳು. ಅವಳ ಕಾಲುಚೀಲ ಒಣಗುವ ಹೊತ್ತಿಗೆ ನನ್ನ ಸಹಿ ಆಗಿತ್ತು.

ನೇರಳೆ ವ್ಯಾನಿನ ಕಂಪನಿಯವನು ಮಾತಾಡುತ್ತಲೇ ಬಗ್ಗಿ, ಮೂರು ಚಳಿಗಾಲದಿಂದ ಬೀಳದಿದ್ದ ನನ್ನ ಗೇಟಿನ ಅಗುಳಿಯನ್ನು ಸರಿಮಾಡಿದ. "ನಮ್ಮ ಕಂಪ್ನಿ ಬೇಡ ಅಂದ್ರೂ ಬೇಜಾರಿಲ್ಲಮ್ಮ, ಗೇಟಂತೂ ಮುಚ್ಚತ್ತೆ" ಎಂದ. ಹೀಗೆಂದವನಿಗೆ ಬೇಡ ಎನ್ನುವುದು ಹೇಗೆ?

ಮೂರನೆಯವರು ಬೂದು ಟೋಪಿಯವರು. ಅರವತ್ತರ ಆಸುಪಾಸು. ಅರ್ಧದಲ್ಲಿ ಮಾತು ಮರೆತು ಹೋಗಿ, "ಇದು ನನ್ನ ಮೊದಲನೇ ದಿನ ಮೇಡಂ" ಎಂದು ಕೆಂಪಗಾದರು. ಮೊದಲಿಬ್ಬರಿಂದ ನನಗೆ ಆ ಪಾಠ ಬಾಯಿಪಾಠವಾಗಿತ್ತು. "ಪರವಾಗಿಲ್ಲ, ವೇಗ ಹೇಳಿ ಆಯ್ತು, ಈಗ ಬಾಡಿಗೆ ಹೇಳಿ" ಎಂದು ಎತ್ತಿಕೊಟ್ಟೆ. ಮೂವತ್ತೊಂದು ವರ್ಷ ಶಿಕ್ಷಕಿಯಾಗಿದ್ದವಳು. ಸಹಿ ಹಾಕುವಾಗ ಅಂಕ ಕೊಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ.

3. ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಹದಿನಾಲ್ಕು ದಿನ ಅವಕಾಶವಿದೆ. ಮೊದಲ ಸಹಿಯ ಅವಧಿ ಈ ಶುಕ್ರವಾರ ಮುಗಿಯುತ್ತದೆ. ಅಷ್ಟರಲ್ಲಿ ಇಬ್ಬರನ್ನು ಬಿಡಬೇಕು. ಆದ್ದರಿಂದ ಗೀಟು ಎಳೆದು ಕೋಷ್ಟಕ ಮಾಡಿದೆ: ವೇಗ, ಬಾಡಿಗೆ, ಕರಾರಿನ ಅವಧಿ. ಸೆಕೆಂಡಿಗೆ ಐನೂರು ಮೆಗಾಬಿಟ್ಟೋ ಒಂಬೈನೂರೋ ಎಂದು ಗಂಭೀರವಾಗಿ ಯೋಚಿಸಿದೆ. ನಾನು ನೋಡುವುದು ಗುಲಾಬಿ ಗಿಡ ಸವರುವ ಕಾರ್ಯಕ್ರಮ. ಅದರಲ್ಲಿ ಗಿಡವೂ ಬೇಗ ಬೆಳೆಯುವುದಿಲ್ಲ, ಸವರುವವರೂ ಅವಸರ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಲೆಕ್ಕಕ್ಕಿಟ್ಟದ್ದು ಕೊನೆಯ ಅಂಕಣವನ್ನು ಮಾತ್ರ. ಅದರ ತಲೆಬರಹ: "ಹಾಲ್ರಾಯ್ಡ್ ಅವರೊಡನೆ ಮಾತಾಡಬೇಕಾಗುತ್ತದೆಯೇ?"

4. ಸದರಿ ಅಂಕಣದ ಫಲಿತಾಂಶ: ಹಳದಿ ಕೋಟಿನವರ ತಂತಿ ಕಂಬದಿಂದ ಬರುತ್ತದೆ, ಕಂಬ ತಮ್ಮ ಹಿತ್ತಲಲ್ಲಿದೆ. ನೇರಳೆ ವ್ಯಾನಿನವರ ತಂತಿ ನೆಲದಡಿಯಿಂದ ಬರುತ್ತದೆ. ಅಗೆಯಬೇಕಾದ ಮುಂದಿನ ಕಾಲುದಾರಿ ತಮಗೂ ನನಗೂ ಜಂಟಿಯಾಗಿದೆ. ಬೂದು ಟೋಪಿಯವರ ತಂತಿ ಸೂರಿನಡಿ ಮನೆಯಿಂದ ಮನೆಗೆ ಸಾಗುತ್ತದೆ. ಹದಿನೆಂಟನೇ ನಂಬರಿನಿಂದ ಹದಿನಾಲ್ಕಕ್ಕೆ ಬರಲು ಹದಿನಾರನ್ನು ಹಾರಿ ಬರುವ ವಿದ್ಯೆ ಅವರಿಗೆ ತಿಳಿದಿಲ್ಲ. ಮೂವರಿಗೂ ತಮ್ಮ ಒಪ್ಪಿಗೆಯ ಸಹಿ ಬೇಕು. ಸಾವಿರಾರು ಮಕ್ಕಳಿಗೆ ನಕಾಶೆ ಓದುವುದನ್ನು ಕಲಿಸಿದವಳು, ಒಬ್ಬ ಮನುಷ್ಯನ ಗೋಡೆ ತಪ್ಪಿಸುವ ದಾರಿಗಾಗಿ ನಾಲ್ಕು ನಕಾಶೆ ಬರೆದು ನಾಲ್ಕರಲ್ಲೂ ಸೋತೆ.

5. ಮೂರು ಕಂಪನಿಯವರೂ ಹೇಳಿದ ಇನ್ನೊಂದು ಮಾತೂ ಒಂದೇ ಆಗಿತ್ತು: "ಪೆಟ್ಟಿಗೆ ಕೂರಿಸೋಕೆ ಮೆಟ್ಟಿಲ ಕೆಳಗಿನ ಗೂಡೇ ಸರಿ. ಅದನ್ನ ಖಾಲಿ ಮಾಡಿಡಿ." ಆ ಗೂಡಿನಲ್ಲಿ, ಕಸ ಹೀರುವ ಯಂತ್ರದ ಹಿಂದೆ, ತಮ್ಮ ಪಾರ್ಸೆಲ್ ಇದೆ. 2018ರ ಡಿಸೆಂಬರ್ 14ರಿಂದ ಇದೆ.

6. ಹೌದು, ಅದೇ ಪಾರ್ಸೆಲ್. ಊರಿನ ಬ್ಯಾಂಡಿನವರು ತಮಗೆ ಕೊಟ್ಟಿರುವ ಕಾರ್ನೆಟ್ ಎಂಬ ತುತ್ತೂರಿಯ ತುದಿಗೆ ಸಿಕ್ಕಿಸಿ ತುಟಿಗೊತ್ತಿ ಊದುವ, ತಮ್ಮ ತಂದೆಯವರ ಬೆಳ್ಳಿ ಬಟ್ಟಲು. ಹೊಸದಾಗಿ ಬೆಳ್ಳಿ ಲೇಪ ಹಾಕಿಸಲು ಕಳಿಸಿ, ವಾಪಸು ಬರಲೇ ಇಲ್ಲವೆಂದು ತಾವು ಕೊರಗುತ್ತಿರುವುದು.

ಅಂದು ಆಲಿಕಲ್ಲಿನ ಮಳೆ. ಪಾರ್ಸೆಲ್ ಹಂಚುವ ಗ್ಯಾರೆತ್ ತೊಯ್ದು ತೊಪ್ಪೆಯಾಗಿ ನಿಂತಿದ್ದ. "ಪಕ್ಕದ ಮನೇಲಿ ಯಾರೂ ಇಲ್ಲ. ಇದನ್ನ ಇಟ್ಕೊಂಡಿರ್ತೀರಾ ಮಿಸ್? ಅವ್ರ ಬಾಗಿಲಿಗೆ ಚೀಟಿ ಬರೆದು ಹಾಕ್ತೀನಿ" ಎಂದ. ನಾನು, "ಚೀಟಿ ಯಾಕಪ್ಪ, ನೆನೆದು ಹೋಗಿದೀಯ. ನಾನೇ ಹೇಳ್ತೀನಿ, ನಡಿ ನಡಿ" ಎಂದೆ. ಮರುದಿನ ಬೆಳಿಗ್ಗೆ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡೆ. ಫೆಬ್ರವರಿಯಲ್ಲಿ ಮನೆಗೆ ಬಂದಾಗ ಪಾರ್ಸೆಲಿನ ನೆನಪೇ ಇರಲಿಲ್ಲ. ಚರ್ಚಿನ ಹಜಾರದಲ್ಲಿ ಚಹಾ ಕುಡಿಯುತ್ತಾ ತಾವು, "ಆ ಗ್ಯಾರೆತ್ ನುಂಗಿ ನೀರು ಕುಡಿದ ಕಣ್ರೀ ಮಿಸ್" ಎಂದಾಗ, "ಛೆ, ಎಂಥಾ ಕಾಲ ಬಂತು" ಎಂದು ತಲೆ ಅಲ್ಲಾಡಿಸಿದವಳು ನಾನು. ಮಾರ್ಚಿನಲ್ಲಿ ಬಲ್ಬು ಹುಡುಕಲು ಗೂಡಿಗೆ ಕೈ ಹಾಕಿದೆ. ಬಲ್ಬು ಸಿಗಲಿಲ್ಲ.

7. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಂದಿನಿಂದ ತಾವು ಎದುರಾದರೆ ನಾನು ಹವಾಮಾನ ಬಿಟ್ಟು ಬೇರೆ ಮಾತಾಡಿಲ್ಲ. ಹಿಂತಿರುಗಿಸಲು ಪ್ರಯತ್ನವೇ ಪಡಲಿಲ್ಲ ಎನ್ನಬೇಡಿ. ಒಮ್ಮೆ ತಮ್ಮ ಮೆಟ್ಟಿಲ ಮೇಲೆ ಇಟ್ಟೆ. ಮಳೆ ಹನಿಯಿತು, ನೆನೆಯಬಾರದೆಂದು ವಾಪಸು ತಂದೆ. ಇನ್ನೊಮ್ಮೆ ಬೇರೆ ಊರಿನಿಂದ ಅಂಚೆಯಲ್ಲಿ ಕಳಿಸಲು ಬಸ್ಸು ಹತ್ತಿ ಹೋದೆ. ಅಂಚೆ ಕಚೇರಿಯ ಹೆಂಗಸು ನಗುತ್ತಾ, "ಕಳಿಸೋರ ವಿಳಾಸ ಹೇಳಿ ತಾಯಿ" ಎಂದಳು. ನಾನು ಒಂದು ಸ್ಟಾಂಪು ಕೊಂಡು ಓಡಿಬಂದೆ.

8. ಇಷ್ಟು ಸಾಲದೆಂಬಂತೆ ತಾವು ಒಳ್ಳೆಯವರಾಗಿಯೇ ಉಳಿದಿರಿ. ಪ್ರತಿ ಗುರುವಾರ ಬೀದಿಯಿಂದ ನನ್ನ ಕಸದ ಡಬ್ಬಿಯನ್ನು ಒಳಗೆ ಉರುಳಿಸಿ ತರುತ್ತೀರಿ, ಹಿಡಿಕೆ ನನ್ನ ಕಡೆಗೇ ತಿರುಗಿರುವಂತೆ ನಿಲ್ಲಿಸುತ್ತೀರಿ. ಹಿಮ ಬಿದ್ದ ದಿನ ಮೊದಲು ನನ್ನ ಮೆಟ್ಟಿಲು ಗುಡಿಸಿ ಆಮೇಲೆ ತಮ್ಮದಕ್ಕೆ ಹೋಗುತ್ತೀರಿ. ಒಂದೊಂದು ಉಪಕಾರವೂ ಆ ಗೂಡಿನ ಬಾಗಿಲಿಗೆ ಇನ್ನೊಂದು ಚಿಲಕವಾಯಿತು. ತಾವು ಸ್ವಲ್ಪ ಕೆಟ್ಟವರಾಗಿದ್ದರೆ ನಾನು ಎಂದೋ ಒಪ್ಪಿಕೊಂಡಿರುತ್ತಿದ್ದೆ. ಇದನ್ನು ದೂರೆಂದು ಪರಿಗಣಿಸಬಾರದು.

9. ನಮ್ಮ ನಡುವಿನ ಗೋಡೆ ತೆಳ್ಳಗಿದೆ. ಪ್ರತಿ ಮಂಗಳವಾರ ಸಂಜೆ ಆರಕ್ಕೆ ತಾವು ತುತ್ತೂರಿಗೆ ಬೇರೆ ಬಟ್ಟಲು ಸಿಕ್ಕಿಸಿ ಅಭ್ಯಾಸಕ್ಕೆ ಕೂರುತ್ತೀರಿ. ಸ್ವರ ಮೇಲೇರುತ್ತಾ ಹೋಗಿ ತುತ್ತತುದಿಯಲ್ಲಿ ಒಡೆಯುತ್ತದೆ. ಏಳು ವರ್ಷಗಳಿಂದ ಪ್ರತಿ ವಾರ ಆ ಸ್ವರ ಒಡೆದಾಗ, ಕೈಯಲ್ಲಿದ್ದ ಕಪ್ಪನ್ನು ನಾನು ಮೆಲ್ಲಗೆ ಕೆಳಗಿಡುತ್ತೇನೆ. ಯಾಕೆ ಒಡೆಯಿತೆಂದು ಈ ಊರಿನಲ್ಲಿ ಬಲ್ಲವಳು ನಾನೊಬ್ಬಳೇ.

10. ಮೊನ್ನೆ ಭಾನುವಾರ ಮಡಿದ ಸೈನಿಕರ ನೆನಪಿಗೆ ತಾವು ಊದುವಾಗ, ಅಷ್ಟು ಜನರ ಮೌನದ ಮಧ್ಯೆ ಅದೇ ಸ್ವರ ಒಡೆಯಿತು. ಯಾರೂ ತಲೆಯೆತ್ತಲಿಲ್ಲ. ಆಮೇಲೆ ತಾವು ಪಾದ್ರಿಗಳಿಗೆ, "ಮುಂದಿನ ವರ್ಷಕ್ಕೆ ಬೇರೆಯವರನ್ನ ನೋಡ್ಕೊಳ್ಳಿ ಫಾದರ್. ನಮ್ಮಪ್ಪನ ಬಟ್ಟಲು ಹೋದ ಮೇಲೆ ಈ ತುತ್ತೂರಿ ನನ್ನ ಮಾತು ಕೇಳಲ್ಲ. ಈ ವಾರಾನೇ ಬ್ಯಾಂಡಿಗೆ ವಾಪಸ್ ಕೊಟ್ಬಿಡ್ತೀನಿ" ಎಂದಿರಿ. ನಾನು ತಮ್ಮ ಹಿಂದೆಯೇ ನಿಂತಿದ್ದೆ. ತಾವು ತಿರುಗಿ, "ಬನ್ನಿ ಮಿಸ್, ಜಾರತ್ತೆ" ಎಂದು ತೋಳು ಕೊಟ್ಟಿರಿ. ಆ ತೋಳನ್ನು ಹಿಡಿದುಕೊಂಡೇ ಮನೆಗೆ ಬಂದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

(ಅ) ಇದರೊಂದಿಗಿರುವ ಪಾರ್ಸೆಲನ್ನು ಸ್ವೀಕರಿಸಬೇಕು.

(ಆ) ತುತ್ತೂರಿಯನ್ನು ಬ್ಯಾಂಡಿಗೆ ವಾಪಸು ಕೊಡಬಾರದು.

(ಇ) ಗ್ಯಾರೆತ್ ಕಳ್ಳನಲ್ಲ ಎಂದು ತಾವು ನಂಬಬೇಕು. ಬರುವ ಭಾನುವಾರ ಚರ್ಚಿನ ಹಜಾರದಲ್ಲಿ, ಚಹಾ ಹಂಚುವ ಮೊದಲೇ, ನಾನೇ ಎದ್ದು ನಿಂತು ಹೇಳುತ್ತೇನೆ. ಹಂಚಿದ ಮೇಲೆ ಧೈರ್ಯ ಉಳಿಯಲಿಕ್ಕಿಲ್ಲ.

(ಈ) ಲಗತ್ತಿಸಿರುವ ಮೂರು ಒಪ್ಪಿಗೆ ನಮೂನೆಗಳಲ್ಲಿ ತಮಗೆ ತೊಂದರೆಯಾಗದ ಒಂದಕ್ಕೆ ಸಹಿ ಹಾಕಬೇಕು. ತಾವು ಯಾವ ದಾರಿ ಬಿಡುತ್ತೀರೋ ಅದೇ ಕಂಪನಿ ನನ್ನದು. ಮೆಗಾಬಿಟ್ಟಿನ ಬಗ್ಗೆ ನನಗೆ ಸ್ವಂತ ಅಭಿಪ್ರಾಯವಿಲ್ಲ. ಮೂರನ್ನೂ ಸಹಿಯಿಲ್ಲದೆ ಹಿಂತಿರುಗಿಸಿದರೂ ನನ್ನ ಆಕ್ಷೇಪಣೆ ಇರುವುದಿಲ್ಲ. ತೊಟ್ಟಿಯ ಅಂಚಿನ ಮೇಲೆ ಬದುಕುವುದನ್ನು ರೂಢಿಸಿಕೊಳ್ಳುತ್ತೇನೆ.

(ಉ) ನಾಡಿದ್ದು ಗುರುವಾರದಿಂದ ನನ್ನ ಕಸದ ಡಬ್ಬಿಯನ್ನು ಒಳಗೆ ತರಬಾರದು. ತರುವುದೇ ಆದರೆ, ಇದೆಲ್ಲ ತಿಳಿದ ಮೇಲೆ ತರಬೇಕು.

ಏಳು ವರ್ಷ ತಡವಾಗಿಯಾದರೂ,
ತಮ್ಮ ವಿಶ್ವಾಸಿ ಎಂದು ಬರೆದುಕೊಳ್ಳಲು ಆಸೆಪಡುವ,
ಎನಿಡ್ ಸಗ್ಡನ್

ಲಗತ್ತುಗಳು:
1. ಪಾರ್ಸೆಲ್, ಒಂದು (ಬಿಚ್ಚಿಲ್ಲ, ಒಂದು ಮೂಲೆಯನ್ನು ಇಲಿ ರುಚಿ ನೋಡಿದೆ).
2. ಒಪ್ಪಿಗೆ ನಮೂನೆಗಳು, ಮೂರು.
3. ಕೋಷ್ಟಕ, ಕೊನೆಯ ಅಂಕಣ ಸಮೇತ.
4. ಗ್ಯಾರೆತ್‌ಗೆ ಬರೆದ ಕ್ಷಮಾಪಣೆ ಪತ್ರದ ನಕಲು.

ಅರ್ಜಿದಾರಳು ತನ್ನಲ್ಲಿ ಉಳಿಸಿಕೊಂಡ ಪ್ರತಿಯ ಮೇಲಿನ ಟಿಪ್ಪಣಿ, ಅದೇ ದಿನ:

ಸಂಜೆ ನಾಲ್ಕೂ ಹತ್ತಕ್ಕೆ ಅರ್ಜಿಯನ್ನೂ ಪಾರ್ಸೆಲನ್ನೂ ಅವರ ಮೆಟ್ಟಿಲ ಮೇಲಿಟ್ಟು, ಗಂಟೆ ಒತ್ತಿ, ಸೊಂಟಕ್ಕೆ ಸಾಧ್ಯವಿದ್ದಷ್ಟು ವೇಗವಾಗಿ ಮನೆಗೆ ಬಂದೆ. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು.

ಆರಕ್ಕೆ ಸರಿಯಾಗಿ ತುತ್ತೂರಿ ಶುರುವಾಯಿತು. ಕಪ್ಪನ್ನು ಮೊದಲೇ ಕೆಳಗಿಟ್ಟು ಗೋಡೆಗೆ ಕಿವಿಯಿಟ್ಟು ನಿಂತೆ. ಏಳು ವರ್ಷದ ಹುಡುಗಿ ಕಂಬಕ್ಕೆ ಇಟ್ಟ ಹಾಗೆಯೇ. ಸ್ವರ ಮೇಲೇರಿತು, ಇನ್ನೂ ಏರಿತು, ತುದಿ ಮುಟ್ಟಿತು, ಒಡೆಯಿತು. ಎಂದಿನ ಹಾಗೆಯೇ, ಎಂದಿನ ಜಾಗದಲ್ಲೇ. ಬೆಳ್ಳಿಯನ್ನು ನಾನು ಗೂಡಿನಲ್ಲಿಟ್ಟು ಕೆಡಿಸಿಬಿಟ್ಟೆನೆಂದುಕೊಂಡೆ.

ಆರೂವರೆಗೆ ಬಾಗಿಲು ಬಡಿದ ಸದ್ದು. ಹಾಲ್ರಾಯ್ಡ್ ನಿಂತಿದ್ದರು. ಕಣ್ಣು ಕೆಂಪಗಿತ್ತು, ಅತ್ತಿದ್ದರೋ ನಕ್ಕಿದ್ದರೋ ತಿಳಿಯಲಿಲ್ಲ.

"ಕೇಳಿಸ್ತಾ ಮಿಸ್?"

"ಕೇಳಿಸ್ತು" ಎಂದೆ. "ಬಟ್ಟಲು ಹಾಳಾಗಿದೆಯಾ?"

"ಬಟ್ಟಲಿಗೇನಾಗಿದೆ, ಹೊಸ ಮದುಮಗಳ ಥರ ಹೊಳೀತಿದೆ. ಇದು ಹಲ್ಲು ಮಿಸ್, ಹಲ್ಲು." ಕೆಳದವಡೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಆ ವರ್ಷಾನೇ ಕಟ್ಟಿಸಿದ್ನಲ್ಲ, ಹೊಸ ಸೆಟ್ಟು. ಬ್ಯಾಂಡಿನೋರೆಲ್ಲ ಬಡ್ಕೊಂಡ್ರು, ಹಲ್ಲು ಕಣೋ ಅಂತ. ನಾನು, ಅಲ್ಲ, ನಮ್ಮಪ್ಪನ ಬಟ್ಟಲಿದ್ದಿದ್ರೆ ತೋರಿಸ್ತಿದ್ದೆ ಅಂತ ಏಳು ವರ್ಷ ಕೊಚ್ಕೊಂಡೆ. ಅದೊಂದು ನೆಪ ಇತ್ತು ನಂಗೆ. ಅದನ್ನೂ ತಂದ್ಕೊಟ್ಟು ಮಾನ ಕಳೆದ್ರಿ."

"ಕ್ಷಮಿಸಿ" ಎಂದೆ. ಏನಕ್ಕೆ ಕ್ಷಮೆ ಕೇಳಿದೆನೆಂದು ಈಗಲೂ ಖಚಿತವಿಲ್ಲ.

"ಮುಖ್ಯ ತುತ್ತೂರಿ ಬೇರೆಯವರು ಊದ್ಲಿ. ನಾನು ಎರಡನೇ ಸಾಲಲ್ಲಿ ಕೂತು ಕೆಳಗಿನ ಸ್ವರ ಊದ್ತೀನಿ. ಅದಕ್ಕೆ ಈ ಹಲ್ಲೇ ಸಾಕು, ಅಪ್ಪನ ಬಟ್ಟಲೂ ಇದೆ. ಭಾನುವಾರ ಚರ್ಚಲ್ಲಿ ನೀವು ಎದ್ರೆ ನಾನೂ ಏಳ್ತೀನಿ. ಗ್ಯಾರೆತ್‌ನ ಬೈದಿದ್ದು ನಾನು ತಾನೇ." ಜೇಬಿನಿಂದ ಮಡಿಸಿದ ನಮೂನೆ ತೆಗೆದುಕೊಟ್ಟರು. ಕಂಬದ ನಮೂನೆಗೆ ಸಹಿಯಾಗಿತ್ತು. "ಕಾಲುದಾರಿ ಅಗೆದ್ರೆ ನೀವು ಜಾರ್ತೀರಿ. ಸೂರು ಕೊರೆದ್ರೆ ಗುಬ್ಬಿಗೂಡು ಹೋಗತ್ತೆ. ಕಂಬ ಹೆಂಗಿದ್ರೂ ನಿಂತೇ ಇದೆ."

ಅಷ್ಟು ಹೇಳಿ ಹೊರಟರು. ಹೀಗೆ ಹಳದಿ ಕೋಟಿನ ಕಂಪನಿ ಆಯ್ಕೆಯಾಯಿತು.

ಗೇಟಿನವರೆಗೆ ಹೋದವರು ಅಲ್ಲಿ ಗೋಡೆಯ ಮೇಲೆ ಇಟ್ಟಿದ್ದುದನ್ನು ಎತ್ತಿಕೊಂಡು ತಿರುಗಿ ಬಂದರು. ನನ್ನ ಎರಡೂ ಕೈಯಲ್ಲಿಟ್ಟು, ಹಿಡಿತ ಸರಿಯಾಗಿದೆಯೇ ಎಂದು ನೋಡಿ ಹೋದರು.

ಸ್ವೀಕೃತಿ: ತಟ್ಟೆ ಒಂದು, ಚೌಕಳಿ ಬಟ್ಟೆ ಮುಚ್ಚಿದ್ದು. ಮಾಂಸ ಮತ್ತು ಆಲೂಗಡ್ಡೆಯ ಪೈ, ಬೇಯಿಸಿದ ಬಟಾಣಿ, ಬಿಸಿಯಾಗಿವೆ. ತಟ್ಟೆ ಹಿಂತಿರುಗಿಸಲು ಗಡುವು: ನಾಳೆ ಬೆಳಿಗ್ಗೆ.